ಹಗಲು ಮಲಗುವವರ ಹೆಂಡತಿ

ರಾಯಬಾಗದ ನಮ್ಮ ಓಣಿಯಲ್ಲಿ ನನ್ನನ್ನು ಜಗಳಗಂಟಿ ಎನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ನನ್ನ ಗಂಡ ಗೂಡ್ಸ್ ರೈಲಿನ ಡ್ರೈವರ್. ಊರೆಲ್ಲ ಏಳುವ ಹೊತ್ತಿಗೆ ಮನೆಗೆ ಬಂದು ಮಲಗುತ್ತಾರೆ, ಓಣಿಗೆ ಜೀವ ಬರುವುದೂ ಆಗಲೇ. ಕಬ್ಬಿನ ಟ್ರ್ಯಾಕ್ಟರುಗಳು ಮರಾಠಿ ಹಾಡು ಹಚ್ಚಿಕೊಂಡು ಹೋಗುತ್ತವೆ. ಎದುರು ಮನೆಯವರು, ಓಣಿಗೆಲ್ಲ ಚಿಕ್ಕಮ್ಮನಂತಿರುವ ಕಾಕು, ಮಿಕ್ಸರಿನಲ್ಲಿ ಶೇಂಗಾ ಚಟ್ನಿ ತಿರುವುತ್ತಾರೆ. ನಾನು ಹೋಗಿ ಮೊದಲು ಕೈಮುಗಿದು, ಆಮೇಲೆ ಕೈ ಸೊಂಟಕ್ಕಿಟ್ಟು ನೋಡಿದ್ದೇನೆ. ನಿನ್ನ ಗಂಡನೇನು ಕಲೆಕ್ಟರನೇ ಎಂದು ಕಾಕು ಒಮ್ಮೆ ಕೇಳಿದರು. ಕಲೆಕ್ಟರು ತೂಕಡಿಸಿದರೆ ಫೈಲು ಕಾಯುತ್ತದೆ, ಸಿಗ್ನಲ್ ಕಾಯುವುದಿಲ್ಲ ಎಂದೆ. ಮಿಕ್ಸರೂ ಕಾಯಲಿಲ್ಲ.

ಓಣಿಯನ್ನಾದರೂ ಹೆದರಿಸಬಹುದು, ಬೀಗರು-ಬಂಧುಗಳನ್ನು ಹೇಗೆ ಹೆದರಿಸುವುದು? ಕಳೆದ ಬೇಸಿಗೆಯಲ್ಲಿ ಗಂಡ ಡ್ಯೂಟಿ ಮುಗಿಸಿ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದರು, ಪಾಲಬಾವಿ ಹಳ್ಳಿಯಿಂದ ಅವರ ಅಣ್ಣ ಬಂದರು. ಅಣ್ಣತಮ್ಮಂದಿರಿಬ್ಬರ ಕಬ್ಬಿಗೂ ಬಾವಿ ಒಂದೇ, ನೀರಿನ ಪಾಳಿಯ ತಕರಾರು. ಅವರು ಮಲಗಿದ್ದಾರೆ, ಚಹಾ ಕುಡಿಯಿರಿ ಎಂದೆ. ಭಾವ ಸಾವಕಾಶವಾಗಿ ಚಹಾ ಕುಡಿದು, ಆಮೇಲೆ ತಮ್ಮನನ್ನು ಎಬ್ಬಿಸಿದರು. ಮಾತು ಮಧ್ಯಾಹ್ನದವರೆಗೂ ನಡೆಯಿತು, ಬಗೆಹರಿಯಲಿಲ್ಲ. ಅವರು ಹೊರಟ ಬೆನ್ನಿಗೇ ಆಫೀಸಿನಿಂದ ಫೋನು. ಇನ್ನೊಬ್ಬ ಡ್ರೈವರಿಗೆ ಜ್ವರವಂತೆ, ಗಾಡಿ ನಿಂತಿದೆಯಂತೆ, ಕೂಡಲೇ ಬರಬೇಕಂತೆ.

ಗಂಡ ಎದ್ದು ಅಂಗಿ ತೊಟ್ಟರು. ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿದ್ದವು. ಊಟಕ್ಕೆ ಕುಳಿತವರು ರೊಟ್ಟಿ ಮುರಿದು ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಿದರು. ಇದೇ ಕೈ ಇನ್ನು ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಬ್ರೇಕ್ ಹಿಡಿಯಬೇಕಲ್ಲ ಎನಿಸಿತು. ಬಾಗಿಲಿಗೆ ಅಡ್ಡ ನಿಂತೆ.

"ಇವತ್ತ ಹೋಗಬ್ಯಾಡ್ರಿ."

"ಹೋಗಲಿಲ್ಲಂದ್ರ ಸಾಹೇಬ್ರು ಬೈತಾರ."

"ಬೈಸ್ಕೊಳ್ರಿ. ಬೈಸ್ಕೊಂಡವರು ಮನಿಗಿ ಹೊಳ್ಳಿ ಬರ್ತಾರ."

ಅವರು ಬೂಟನ್ನು ಮೂಲೆಗೆ ಸರಿಸಿದರು. ಆಮೇಲೆ ತಾವೇ ಫೋನು ಮಾಡಿ, ನಿದ್ದೆಯಾಗಿಲ್ಲ, ಇಂಥ ಸ್ಥಿತಿಯಲ್ಲಿ ಗಾಡಿ ಓಡಿಸುವುದಿಲ್ಲ ಎಂದರು. ಆ ಕಡೆಯ ದನಿ ನನಗೂ ಕೇಳುವಷ್ಟು ಏರಿತು. ನಾಳೆ ಬಂದು ಜವಾಬು ಕೊಡಬೇಕು ಎಂದಿತು. ಕೊಡುತ್ತೇನೆ ಎಂದು ಫೋನಿಟ್ಟು ಒಳಗೆ ಹೋಗಿ ಮಲಗಿದರು.

ಗೆದ್ದವಳಂತೆ ತುದಿಗಾಲಲ್ಲಿ ತಿರುಗಾಡಿದೆ. ಕುಕ್ಕರು ಇಡಲಿಲ್ಲ, ನಳ ತಿರುವಲಿಲ್ಲ. ಒಳಗಿನಿಂದ ಗೊರಕೆ ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಅಷ್ಟು ಸಪ್ಪಳವಿಲ್ಲದ ಮನೆ ನನಗೆ ರೂಢಿಯಿರಲಿಲ್ಲ. ಇಣುಕಿ ನೋಡಿದರೆ ಹೊದಿಕೆ ಅಲುಗಾಡುತ್ತಿಲ್ಲ. ಅಣ್ಣನ ಮಾತು, ಸಾಹೇಬರ ಬೈಗುಳ ಎರಡನ್ನೂ ಮನಸ್ಸಿಗೆ ಹಚ್ಚಿಕೊಂಡು ಎದೆಗೇನಾದರೂ ಆಯಿತೋ ಎಂದು ಹೆದರಿದೆ. ಓಡಿ ಹೋಗಿ ಭುಜ ಹಿಡಿದು ಜಗ್ಗಾಡಿದೆ. ಅವರು ಗಾಬರಿಯಾಗಿ ಎದ್ದು ಕುಳಿತು, ಏನಾಯಿತು ಎಂದು ಕೇಳಿದರು.

"ಏನಿಲ್ರಿ," ಎಂದೆ. "ನಿದ್ದಿ ಹತ್ತೇತೋ ಇಲ್ಲೋ ಅಂತ ನೋಡಿದೆ."