ಲೋಟದ ತಳ ಓದುವ ಅತ್ತೆ

ನಮ್ಮ ಸೋದರತ್ತೆಯ ಜೊತೆ ಒಬ್ಬರ ಮನೆಗೆ ಊಟಕ್ಕೆ ಹೋಗುವುದಕ್ಕಿಂತ ಪೊಲೀಸರ ಜೊತೆ ಹೋಗುವುದೇ ಮರ್ಯಾದೆ! ಅವರಾದರೂ ಊಟ ಮುಗಿಯುವವರೆಗೆ ಕಾದಾರು. ಅತ್ತೆ ಬಡಿಸುವ ಮೊದಲೇ ಲೋಟ ಎತ್ತಿ ಅದರ ತಳ ಓದುತ್ತಿದ್ದಳು.

ನಮ್ಮದು ಪಾತ್ರೆ ಅಂಗಡಿಯ ವಂಶ. ತಾತ ಚಿನ್ನದ ಕೆಲಸ ಬಿಟ್ಟು ಶ್ರೀರಂಗಪಟ್ಟಣದಲ್ಲಿ ಹಿತ್ತಾಳೆ ಕೊಡ ಮಾರಲು ಕುಳಿತರು. ಅವರ ನಂತರ ಅತ್ತೆ ಕುಳಿತಳು. ಹಿತ್ತಾಳೆ ಹೋಗಿ ಸ್ಟೀಲು ಬಂತು, ಸ್ಟೀಲಿನ ಪಕ್ಕಕ್ಕೆ ಪ್ಲಾಸ್ಟಿಕ್ ಬಿಂದಿಗೆ ಬಂತು, ಅತ್ತೆ ಮಾತ್ರ ಅಲ್ಲಾಡಲಿಲ್ಲ. ತೊಂಬತ್ತರ ದಶಕಕ್ಕೆ ನಾಲ್ಕು ಊರಲ್ಲಿ ನಮ್ಮ ಅಂಗಡಿಗಳಿದ್ದವು. ವ್ಯಾಪಾರದ ಜಾಣತನ ಅಂದುಕೊಂಡಿರಾ? ಪಾಂಡವಪುರದ ಹೆಂಗಸೊಬ್ಬಳು ತಳ ಹಿಡಿದ ಹಾಲಿನ ಪಾತ್ರೆ ವಾಪಸ್ಸು ತಂದಳು. ಅತ್ತೆ ಅವಳ ಮನೆಗೇ ಹೋಗಿ ಒಲೆಯ ಮುಂದೆ ಕುಳಿತು ನೋಡಿ, "ಈ ಊರ್ಗೆ ಆಲು ಕಾಯ್ಸಕ್ಕೇ ಬರಕಿಲ್ಲ" ಎಂದು ತೀರ್ಮಾನಿಸಿ, ಕಲಿಸಲೆಂದೇ ಅಲ್ಲೊಂದು ಅಂಗಡಿ ತೆರೆದಳು! ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರು ಕೊಳಗ ಹತ್ತಿಸಿಕೊಳ್ಳಲಿಲ್ಲವೆಂದು ಸಿಟ್ಟಾಗಿ ಆ ಪೇಟೆಯಲ್ಲೇ ಕೊಳಗ ಮಾರಲು ಶುರು ಮಾಡಿದಳು. ಅಲ್ಲಿಂದ ಬರುವಾಗ ತಪ್ಪು ಬಸ್ಸು ಹತ್ತಿ ನಾಗಮಂಗಲದಲ್ಲಿ ಇಳಿದಳು. ಇಳಿದವಳು ಸುಮ್ಮನೆ ಬರುತ್ತಾಳೆಯೇ?

ಒಮ್ಮೆ ಕಂಪನಿಯವನು ಮಾದರಿಗೆಂದು ನಾನ್‌ಸ್ಟಿಕ್ ತವಾ ಕೊಟ್ಟು ಹೋದ. ಅತ್ತೆ ಅದನ್ನು ತೆಂಗಿನ ನಾರು, ಬೂದಿ ಹಾಕಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಅವನ ಕೈಗೇ ಇಟ್ಟಳು. "ಮಸಿ ಸಮೇತ ಮಾರ್ತೀಯಲ್ಲಾ, ನಾಚ್ಕೆ ಆಗಕಿಲ್ವಾ?" ನಾಚಿಕೆಯಾದದ್ದು ಪಕ್ಕದಲ್ಲಿ ನಿಂತಿದ್ದ ನನಗೆ.

ಇನ್ನು ಆ ತಳ ಓದುವ ಚಟ. ಕೊಂಡವರ ಹೆಸರನ್ನು ಪಾತ್ರೆಯ ತಳಕ್ಕೆ ಕೊರೆದು ಕೊಡುವುದು ನಮ್ಮ ಅಂಗಡಿಗಳ ಪದ್ಧತಿ. ಹೋದ ಮನೆಯಲ್ಲೆಲ್ಲ ಅತ್ತೆ ಅದನ್ನು ಗಟ್ಟಿಯಾಗಿ ಓದುವಳು. ಮೇಲುಕೋಟೆಯ ಒಂದು ನಾಮಕರಣದಲ್ಲಿ, "ಅಯ್ಯೋ, ಇದು ಪುಟ್ಟಮ್ಮುನ್ ಲೋಟ! ಕಳ್ದೋಯ್ತು ಅಂತ ಅಳ್ತಿದ್ಲು, ಇಲ್ಲೈತೆ!" ಎಂದು ಕೂಗಿದಳು. ಪುಟ್ಟಮ್ಮ ಎದುರು ಪಂಕ್ತಿಯಲ್ಲೇ ಕುಳಿತಿದ್ದಳು. ಸಾರಿನೊಳಗೆ ಮುಖ ಮುಚ್ಚಿಕೊಳ್ಳುವುದೊಂದು ನನಗೆ ಬಾಕಿಯಿತ್ತು.

ಇಂಥವಳು ನನಗೆ ಹೆಣ್ಣು ನೋಡಲು ಕ್ಯಾತನಹಳ್ಳಿಗೆ ಹೊರಟಳು! ಫೋಟೊ ನೋಡಿದಾಗಲೇ ಹುಡುಗಿ ನನ್ನ ಮನಸ್ಸಿಗೆ ಹಿಡಿಸಿಬಿಟ್ಟಿದ್ದಳು. ಅಪ್ಪನದು ಬೇರೆ ರಾಗ. "ಎತ್ತಿನ್ ಗಾಡಿ ಮಾಡೋ ಮನೆ ಕಣ್ಲಾ. ಟ್ರಾಕ್ಟರು ಬಂದ್ಮೇಲೆ ಏನೂ ಉಳ್ದಿಲ್ಲ ಅಂತಾರೆ. ಅಂಗೇನಾರ ಕಂಡ್ರೆ ಎದ್ದು ಬಂದ್ಬುಡಾನ."

"ಅತ್ತೆ, ನಿನ್ ದಮ್ಮಯ್ಯ, ಅಲ್ಲಿ ಏನೂ ಓದ್ಬ್ಯಾಡ" ಎಂದು ಬೇಡಿಕೊಂಡೆ.

"ಓದಕೆ ನಾನೇನ್ ಇಸ್ಕೂಲಿಗೆ ಓಯ್ತಿದ್ದೀನೇನ್ಲಾ?"

ಹುಡುಗಿ ಕಾಫಿ ತಂದಳು. ಎಲ್ಲ ಒಂದೇ ಥರದ, ಥಳಥಳ ಹೊಳೆಯುವ ಲೋಟಗಳು. ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ ಅತ್ತೆ ತುಂಬಿದ ಲೋಟವನ್ನು ಎಕ್ಸ್‌ರೇ ನೋಡುವ ಡಾಕ್ಟರಂತೆ ತಲೆಯ ಮೇಲಕ್ಕೆ ಎತ್ತಿಬಿಟ್ಟಳು! ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿಯ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ನನಗೂ ತಳ ಕಂಡಿತು: ನಿಂಗೇಗೌಡ. ಹುಡುಗಿಯ ತಂದೆಯ ಹೆಸರು ಪುಟ್ಟಸ್ವಾಮಾಚಾರಿ. ನಮಗಾಗಿ ಪಕ್ಕದ ಮನೆಯಿಂದ ಎರವಲು ತಂದ ಲೋಟಗಳವು. ಮುಗಿಯಿತು ನನ್ನ ಮದುವೆ ಎಂದುಕೊಂಡೆ.

"ಯಾರ್ ಎಸ್ರೈತಕ್ಕಾ?" ಅಪ್ಪ ಕೇಳಿದರು.

ಅತ್ತೆ ಗಟ್ಟಿಯಾಗಿ ಓದಿದಳು: "ಪುಟ್ಟಸ್ವಾಮಾಚಾರಿ! ನಮ್ಮಂಗ್ಡೀದೇ. ನಾನೇ ಕುಂತು ಕೊರ್ಸಿದ್ದು."

ಅಪ್ಪನೂ ಉತ್ಸಾಹದಿಂದ ತಮ್ಮ ಲೋಟ ಎತ್ತಲು ಹೋದರು. "ಆರೋಯ್ತದೆ, ಕುಡಿಯೋ ಸುಮ್ನೆ!" ಎಂದು ಗದರಿದ ಅತ್ತೆ ತನ್ನ ಸುಡುವ ಕಾಫಿಯನ್ನು ಗಟಗಟ ಮುಗಿಸಿದಳು. ಅಪ್ಪ ಕುಡಿಯುವವರೆಗೂ ತಲೆಯ ಮೇಲೆ ನಿಂತಿದ್ದು, ಆ ಲೋಟವನ್ನೂ ಕಿತ್ತುಕೊಂಡು ಒಳಗೆ ನಡೆದಳು. ನನ್ನ ಲೋಟ ಹಿಡಿದು ನಾನೂ ಹಿಂದೆಯೇ ಹೋದೆ.

ಒಳಗೆ ಅತ್ತೆ ಲೋಟ ತೊಳೆಯುತ್ತ, ಸುಟ್ಟ ನಾಲಗೆಯಲ್ಲಿ ಮೆಲ್ಲಗೆ ಹೇಳುತ್ತಿದ್ದಳು: "ಇವ್ನ ಅವ್ರಿಗೆ ಕೊಟ್ಬುಡವ್ವ. ನಾಳೀಕೆ ಒಂದ್ ಸೆಟ್ಟು ಕಳಿಸ್ತೀನಿ, ನಿಮ್ ಯಜಮಾನ್ರ ಎಸ್ರು ಕೊರ್ಸಿ. ನಾನು ಸುಳ್ಳೇಳ್ದಂಗಾಗ್ಬಾರ್ದು ನೋಡು."

ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆಯ ಒದ್ದೆ ಕೈ ಹಿಡಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಅತ್ತೆ, "ಏನ್ಲಾ ನೋಡ್ತಾ ನಿಂತಿದ್ದೀಯ, ತತ್ತಾ ಇಲ್ಲಿ ಆ ಲೋಟವ" ಎಂದಳು.

ಕೊಟ್ಟೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.