ಡೈನೋಸಾರ್ ಪಟದ ಖಾಲಿ ಚೌಕ

ಖಾಲಿ ಜಾಗ ಕಂಡರೆ ನಮ್ಮ ಕಡೆಯವರಿಗೆ ಸುಮ್ಮನಿರಲು ಆಗುವುದಿಲ್ಲ. ಬಸ್ಸಿನಲ್ಲಾದರೆ ಕಿಟಕಿಯಿಂದ ಟವೆಲ್ ಎಸೆಯುತ್ತಾರೆ, ಗೋಡೆಯಾದರೆ ಪೋಸ್ಟರ್ ಅಂಟಿಸುತ್ತಾರೆ. ವಿಜ್ಞಾನದಲ್ಲಿ ಖಾಲಿ ಬಿಟ್ಟರೆ ಏನು ಮಾಡುತ್ತಾರೆ ಎನ್ನುವುದು ನನಗೆ ತೊಂಬತ್ತರ ದಶಕದ ಕೊನೆಯಲ್ಲಿ, ನಂಜನಗೂಡಿನ ಖಾಸಗಿ ಹೈಸ್ಕೂಲೊಂದರಲ್ಲಿ ಹಂಗಾಮಿ ವಿಜ್ಞಾನ ಟೀಚರಾಗಿದ್ದಾಗ ಗೊತ್ತಾಯಿತು. ತಿ. ನರಸೀಪುರದ ವಿಜ್ಞಾನ ಪ್ರದರ್ಶನದಲ್ಲಿ ಶಾಲೆಗೆ ಹೆಸರು ತಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಬೇಸಿಗೆ ರಜೆ ಮುಗಿದ ಮೇಲೆ ಬರುವುದು ಬೇಡ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನಗುನಗುತ್ತಲೇ ಹೇಳಿದ್ದರು.

ನಿಲ್

ಉದ್ದ ಕತ್ತಿನ ಡೈನೋಸಾರುಗಳ ವಂಶದ ಪಟ ಬರೆಸಿದೆ. ಮೇಲೆ ಹಳೆಯವು, ಕೆಳಗೆ ದೈತ್ಯರು. ನಡುವಿನ ಕಾಲದ ಮೂಳೆಗಳು ಸರಿಯಾಗಿ ಸಿಕ್ಕಿಲ್ಲವಾದ್ದರಿಂದ ಅಲ್ಲಿ ದೊಡ್ಡದೊಂದು ಖಾಲಿ ಚೌಕ. ಹೆಡ್‌ಮಾಸ್ಟರು ನೋಡಿದವರೇ, ಯಾವ ಕಾಲಮ್ಮೂ ಖಾಲಿ ಬಿಡಬಾರದು, 'ನಿಲ್' ಅಂತ ಬರೆಯಿರಿ ಎಂದರು. ಪ್ರಾಣಿ ಇತ್ತು ಸಾರ್, ನಮಗೆ ಸಿಕ್ಕಿಲ್ಲ ಅಷ್ಟೇ ಎಂದೆ.

"ನಮ್ಮ ಲ್ಯಾಬಲ್ಲಿ ಮೈಕ್ರೋಸ್ಕೋಪೂ ಇತ್ತು ಕಣಮ್ಮ. ಸಿಗಲಿಲ್ಲ, ಸ್ಟಾಕ್ ಬುಕ್ಕಲ್ಲಿ ನಿಲ್ ಅಂತ ಬರೆದೆ. ಯಾರಾದ್ರೂ ಕೇಳಿದ್ರಾ?"

ಮಹಜರು

ಕಾರ್ಯದರ್ಶಿಗಳು ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರು. ಜಮೀನಿನ ಖಾತೆ ಬದಲಾವಣೆಗೆಂದು ಹಳ್ಳಿ ಹಳ್ಳಿಯ ವಂಶವೃಕ್ಷ ನೋಡಿ ಪಳಗಿದವರು. ಪಟದ ಮೇಲೆ ಬೆರಳಿಟ್ಟರು.

"ತಾತ ಅವ್ನೆ, ಮೊಮ್ಮಗ ಅವ್ನೆ. ಮಗ ಎಲ್ಲಮ್ಮ?"

ಸಿಕ್ಕಿಲ್ಲ ಎಂದೆ. ಅಷ್ಟಕ್ಕೆಲ್ಲ ಯಾಕೆ ಯೋಚನೆ, ಊರಿನ ಐದು ಜನ ಹಿರಿಯರನ್ನು ಕೂರಿಸಿ, ಇಂಥ ಪ್ರಾಣಿ ಬಾಳಿ ಬದುಕಿದ್ದು ನಿಜ ಅಂತ ಮಹಜರು ಬರೆದು ಸಹಿ ಹಾಕಿಸೋಣ ಎಂದರು. ಅವರ್ಯಾರೂ ಅದನ್ನ ನೋಡಿಲ್ಲವಲ್ಲ ಸಾರ್ ಎಂದೆ.

"ನೋಡಿದೋರೇ ಸಹಿ ಹಾಕ್ಬೇಕು ಅಂದಿದ್ರೆ ನನ್ ಸರ್ವೀಸಲ್ಲಿ ಒಂದು ಖಾತೆನೂ ಆಯ್ತಿರ್ಲಿಲ್ಲ ಕಣಮ್ಮ."

ದಾನಿಗಳು

ನಾನು ಹಟಕ್ಕೆ ಬಿದ್ದು ಚೌಕವನ್ನು ಖಾಲಿಯೇ ಬಿಟ್ಟೆ. ಬದನವಾಳಿನಿಂದ ಬರುತ್ತಿದ್ದ ಚುರುಕಾದ ಹುಡುಗಿಯೊಬ್ಬಳ ಕೈಗೆ ಕೋಲು ಕೊಟ್ಟು, ಚೌಕ ತೋರಿಸಿ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಸಿದೆ: ಇದರ ಮೂಳೆ ಇನ್ನೂ ಸಿಕ್ಕಿಲ್ಲ, ಆದರೂ ಇದು ಇದ್ದಿರಲೇಬೇಕು ಎಂದು ವಿಜ್ಞಾನಿಗಳ ನಂಬಿಕೆ.

ಪಟವನ್ನು ಡ್ರಾಯಿಂಗ್ ಮೇಷ್ಟ್ರು ಹಿಂದಿನ ದಿನವೇ ಒಯ್ದಿದ್ದರು. ನಾವು ನರಸೀಪುರಕ್ಕೆ ಹೋಗಿ ನೋಡಿದರೆ ಚೌಕದ ತುಂಬ ಕಾರ್ಯದರ್ಶಿಗಳ ಫೋಟೋ, ಮೇಲೊಂದು ಬಾಣ, ಕೆಳಗೊಂದು ಬಾಣ. ಪಟದ ಖರ್ಚು ಅವರದಂತೆ. ನಮ್ಮ ಶಾಲೆಯಲ್ಲಿ ಫ್ಯಾನು ಕೊಟ್ಟವರ ಹೆಸರು ಅದರ ಮೂರು ರೆಕ್ಕೆಯ ಮೇಲೂ ಇರುತ್ತದೆ. ಪಟ ಕೊಟ್ಟವರನ್ನು ಬಿಡುವುದುಂಟೇ? ಬೇರೆಲ್ಲೂ ಜಾಗ ಇರಲಿಲ್ಲ ಮೇಡಂ ಎಂದರು ಮೇಷ್ಟ್ರು.

ಕೀಳುವಷ್ಟರಲ್ಲಿ ತೀರ್ಪುಗಾರರು ಬಂದೇ ಬಿಟ್ಟರು. ಅವರ ಹಿಂದೆ ಹಾರ ಹಾಕಿಸಿಕೊಂಡ ಕಾರ್ಯದರ್ಶಿಗಳು. ತೀರ್ಪುಗಾರರು ಚೌಕ ತೋರಿಸಿ, ಇದೇನಮ್ಮ ಎಂದರು. ಹುಡುಗಿ ಒಮ್ಮೆ ಫೋಟೋ ನೋಡಿದಳು, ಒಮ್ಮೆ ಕಾರ್ಯದರ್ಶಿಗಳನ್ನು ನೋಡಿದಳು. ದೊಡ್ಡವರಲ್ಲವೇ, ಕಲಿತ ಪಾಠಕ್ಕೆ ಮರ್ಯಾದೆ ಸೇರಿಸಿ ಒಪ್ಪಿಸಿದಳು.

"ಇವ್ರ ಮೂಳೆ ಇನ್ನೂ ಸಿಕ್ಕಿಲ್ಲ ಸಾ. ಆದ್ರೂ ಇವ್ರು ಇದ್ದಿರಲೇಬೇಕು ಅಂತ ವಿಜ್ಞಾನಿಗಳ ನಂಬಿಕೆ."

ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮರುವಾರ ಖಾಯಂ ಆದೇಶ ಬಂತು. ತಮ್ಮ ಮೇಲೆ ವಿಜ್ಞಾನಿಗಳಿಗೇ ಇಷ್ಟು ನಂಬಿಕೆ ಇರುವಾಗ ಮಂಡಳಿಯ ಕೆಲವರಿಗೆ ಮಾತ್ರ ಯಾಕಿಲ್ಲ ಎಂದು ಕಾರ್ಯದರ್ಶಿಗಳು ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದರಂತೆ.