ಮೊಸರನ್ನಕ್ಕೆ ಒಗ್ಗುವ ತಳಿ

ಆರಿಸುವುದು ಎಂದರೆ ನನಗೆ ಮೊದಲಿನಿಂದಲೂ ಆಗಿಬರದ ಕೆಲಸ. ಬದನೆಕಾಯಿ ತರಲು ಹೋದರೆ ನಾನು ಒಂದೊಂದನ್ನೇ ತಿರುಗಿಸಿ ನೋಡುತ್ತ ನಿಲ್ಲುವುದನ್ನು ಕಂಡು ಬೇಸತ್ತು ಅಂಗಡಿಯವಳೇ ನಾಲ್ಕು ಆರಿಸಿ ಚೀಲಕ್ಕೆ ಹಾಕಿ ಕಳಿಸುತ್ತಿದ್ದಳು. ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಮೊದಲು ಕೇಸರಿಬಾತಿಗೆ ಕೈಹಾಕಲೋ ಉಪ್ಪಿಟ್ಟಿಗೋ ಎಂದು ಯೋಚಿಸುತ್ತ ಕೂತಿದ್ದೆ. ತಲೆಯೆತ್ತಿ ನೋಡುವಷ್ಟರಲ್ಲಿ ಹುಡುಗಿ ಒಳಗೆ ಹೋಗಿದ್ದಳು, ದೊಡ್ಡವರ ಮಾತುಕತೆ ಮುಗಿದುಹೋಗಿತ್ತು. ಆ ಆಯ್ಕೆ ಚೆನ್ನಾಗಿಯೇ ಆಯಿತೆನ್ನಿ. ನಾನು ಮಾಡಲಿಲ್ಲವಲ್ಲ, ಅದಕ್ಕೇ ಇರಬೇಕು. ಇಂಥ ನನ್ನನ್ನು ಸರ್ಕಾರ ಹುಡುಕಿ ಹುಡುಕಿ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಮಾಡಿತ್ತು. ಮನೆ ಮಂಡ್ಯದಲ್ಲಿ. ತಿಂಗಳಲ್ಲಿ ಹದಿನೈದು ದಿನ ಮದ್ದೂರು, ಮಳವಳ್ಳಿ ಎಂದು ಸರ್ಕೀಟು. ಅಂಗಡಿಯವರ ತಕ್ಕಡಿ ನೋಡಿ, ತೂಕದ ಕಲ್ಲಿಗೆ ಮುದ್ರೆ ಒತ್ತಿ, ಸಂತೆಯ ಧೂಳು ಕುಡಿದು ಬರುವ ಕೆಲಸ.

ಎಪ್ಪತ್ತಮೂರೋ ಎಪ್ಪತ್ತನಾಲ್ಕೋ ಇರಬೇಕು, ನಾನು ಹೀಗೆ ಸರ್ಕೀಟಿನಲ್ಲಿದ್ದಾಗ ನಮ್ಮ ಹಿತ್ತಲಿನ ಬಚ್ಚಲುಮನೆಯಿಂದ ತಾಮ್ರದ ಹಂಡೆ ಕಳುವಾಯಿತು. ನೀರು ತುಂಬಿದ್ದ ಹಂಡೆ. ಕಳ್ಳ ಸಾವಧಾನವಾಗಿ ನೀರನ್ನು ಕನಕಾಂಬರದ ಗಿಡಕ್ಕೆ ಸುರಿದು ಹೋಗಿದ್ದ. ನಾನು ಊರಿಂದ ಬಂದು ಚಪ್ಪಲಿ ಬಿಡುವ ಮೊದಲೇ ನನ್ನ ಹೆಂಡತಿ ಕಮಲ ಹೇಳಿದಳು, "ನೋಡಿ, ಮುಂದಿನ ಸರ್ಕೀಟಿಗೆ ನೀವು ಹೊರಡೋದರೊಳಗೆ ಈ ಮನೇಲೊಂದು ನಾಯಿ ಇರಬೇಕು. ಇಲ್ಲದಿದ್ರೆ ಅವತ್ತೇ ನಾನು ತವರಿಗೆ ಹೊರಟೆ." ಒಳಗೆ ತುಳಸಿಮಣಿ ಎಣಿಸುತ್ತಿದ್ದ ಅಮ್ಮ ಜಪ ನಿಲ್ಲಿಸದೆಯೇ ಹೇಗೋ ಮಾತೂ ಆಡಿದಳು. "ನಾಯಿ ಹೊಸ್ತಿಲು ದಾಟಿದ ದಿನ ನಾನು ಮಳವಳ್ಳಿ ಬಸ್ಸು ಹತ್ತೋಳೇ." ಮಳವಳ್ಳಿಯಲ್ಲಿ ನಮ್ಮಣ್ಣ ಇದ್ದಾನೆ. ಅಮ್ಮನ ಮಡಿ ಎಂಥದ್ದೆಂದರೆ, ಅವಳ ಮಡಿಸೀರೆ ಒಣಗುವ ಗಳುವಿನ ಕೆಳಗೆ ನಾನೂ ನಡೆಯುವಂತಿರಲಿಲ್ಲ. ಇನ್ನು ನಾಯಿ ಎಲ್ಲಿ ಬಂತು. ಇಬ್ಬರೂ ಆಡಿದ್ದನ್ನು ಮಾಡಿ ತೋರಿಸುವ ಪೈಕಿ. ಅತ್ತೆ ಸೊಸೆ ಎಷ್ಟೇ ಮುಖ ತಿರುಗಿಸಿಕೊಂಡು ಓಡಾಡಿದರೂ, ಇಬ್ಬರಲ್ಲಿ ಒಬ್ಬರಿಲ್ಲದ ಮನೆಯನ್ನು ನನ್ನಿಂದ ನೆನೆಯಲೂ ಆಗುತ್ತಿರಲಿಲ್ಲ. ಹಾಗಾಗಿ ಇಬ್ಬರಿಗೂ ಒಪ್ಪುವ ನಾಯಿಯೊಂದನ್ನು ಆರಿಸುವ ಭಾರ ನನ್ನ ತಲೆಗೆ ಬಿತ್ತು. ಕಳ್ಳನ ಮೇಲೆ ಎಗರಬೇಕು, ಆದರೆ ಅಮ್ಮನ ಜಪಕ್ಕೆ ತೊಂದರೆಯಾಗುವಂತೆ ಬೊಗಳಬಾರದು. ಕೂದಲು ಉದುರಬಾರದು. ಯಾರನ್ನೂ ಮುಟ್ಟಬಾರದು. ಸಾರನ್ನ, ಮೊಸರನ್ನ ತಿಂದು ತೃಪ್ತಿಯಾಗಿರಬೇಕು.

ಕಮಲನ ತಮ್ಮ ರಘು ಕೃಷಿ ಸಂಶೋಧನೆಯ ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ತಳಿ ಎಂದ ಮೇಲೆ ಭತ್ತವಾದರೇನು ನಾಯಿಯಾದರೇನು ಎಂದುಕೊಂಡು ಅವನನ್ನೇ ಕೇಳಿದೆ. ಅವನೂ ಹಾಗೇ ಅಂದುಕೊಂಡಿದ್ದನೆಂಬುದು ಆಮೇಲೆ ಗೊತ್ತಾಯಿತು. "ಭಾವ, ಮೊದಲು ಇದು ಹೇಳಿ. ನಿಮ್ಮ ಮನೆ ನೀರಾವರಿಯೋ, ಮಳೆ ನಂಬಿದ ಖುಷ್ಕಿಯೋ?" ಅಂದ. "ಬಾಡಿಗೆ ಮನೆ ಕಣಯ್ಯ" ಅಂದೆ. "ಅದಲ್ಲ ಭಾವ, ಮಾಂಸ ಹಾಕ್ತೀರೋ ಇಲ್ಲವೋ ಅಂತ." ಇಲ್ಲವೆಂದೆ. "ಹಾಗಾದ್ರೆ ಖುಷ್ಕಿ. ಖುಷ್ಕೀಲಿ ಅಲ್ಸೇಷಿಯನ್ ಇಳುವರಿ ಕೊಡಲ್ಲ" ಎಂದು ತೀರ್ಪು ಕೊಟ್ಟು, ಫಾರಮ್ಮಿನ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಪಟ್ಟಿ ಎಳೆದ. ತಳಿಯ ಹೆಸರು, ಎತ್ತರ, ಅವಧಿ, ರೋಗ ತಡೆಯುವ ಶಕ್ತಿ. ಭತ್ತಕ್ಕೆ 'ಗಾಳಿಗೆ ಬೀಳುತ್ತದೆಯೇ' ಎಂದಿರುತ್ತಿದ್ದ ಕಡೆ 'ಜನರ ಮೇಲೆ ಬೀಳುತ್ತದೆಯೇ' ಎಂದು ತಿದ್ದಿಕೊಂಡ. ಎಲ್ಲ ಕೂಡಿಸಿ ಕಳೆದು, ಎರಡು ತಳಿ ಬೆರೆಸಿ ಹೈಬ್ರಿಡ್ ಮಾಡಿದರೆ ನಿಮಗೆ ಬೇಕಾದ ನಾಯಿ ಸಿಗಬಹುದು, ಆದರೆ ಐದಾರು ತಲೆಮಾರು ಕಾಯಬೇಕು ಅಂದ. ನನ್ನ ಸರ್ಕೀಟಿಗೆ ಉಳಿದಿದ್ದದ್ದು ಹನ್ನೊಂದು ದಿನ.

ನನ್ನ ಸ್ವಭಾವವೇ ಹೀಗೆ. ಬೇಡ ಅಂದದ್ದರ ಮೇಲೇ ಮನಸ್ಸು ಹೋಗುತ್ತದೆ. ಅಲ್ಸೇಷಿಯನ್ ಬೇಡ ಎಂದು ರಘು ಹೇಳಿದ ಕೂಡಲೇ, ಬಾಗಿಲಲ್ಲಿ ಅಲ್ಸೇಷಿಯನ್ ಕಟ್ಟಿರುವ ಇನ್ಸ್‌ಪೆಕ್ಟರ್ ಎಂದರೆ ಎಂಥ ಗತ್ತು ಎನ್ನಿಸತೊಡಗಿತು. ಮದ್ದೂರಿನಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರ ಮನೆಯಲ್ಲಿ ಮರಿಗಳಿವೆ ಎಂದು ಕೇಳಿ, ಭಾನುವಾರ ರೈಲು ಹತ್ತಿದೆ. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು ಹಿಡಿದು ಹೋಗಿದ್ದೆ. ಅವರು ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಮರಿಯನ್ನು ತೋರಿಸುವ ಬದಲು ನನ್ನನ್ನೇ ನೋಡತೊಡಗಿದರು. "ಅಂಗಳ ಎಷ್ಟುದ್ದ ಐತೆ?" ಅಂದರು. ಹತ್ತು ಹೆಜ್ಜೆ ಅಂದೆ. ಅದರಲ್ಲಿ ನಾಲ್ಕು ಹೆಜ್ಜೆ ತುಳಸಿಕಟ್ಟೆ ಎನ್ನುವುದನ್ನು ಮುಚ್ಚಿಟ್ಟೆ. "ಈ ಜಾತಿಗೆ ದಿನಾ ಬೆಳಿಗ್ಗೆ ಮೂರು ಮೈಲಿ ಓಟ ಬೇಕು. ನೀವು ಓಡ್ತೀರಾ?" "ಬಸ್ಸು ಹೊರಟರೆ ಓಡ್ತೀನಿ" ಅಂದೆ. ಅವರು ನಗಲಿಲ್ಲ. "ಊಟಕ್ಕೇನ್ ಆಕ್ತೀರಿ?" ಮೊಸರನ್ನ ಎಂದು ನಾನು ಹೇಳಿದಾಗ ಬಾಗಿಲಲ್ಲಿ ನಿಂತಿದ್ದ ತಾಯಿನಾಯಿಯೂ ಕಿವಿ ನಿಮಿರಿಸಿತು. ಸುಬೇದಾರರು ಮೀಸೆ ನೇವರಿಸಿಕೊಂಡು, "ತಪ್ಪು ತಿಳ್ಕಾಬೇಡಿ ಸಾರ್. ನಿಮ್ಮಂತ ಮನೇಗೆ ಕೊಡಾಕೆ ನನ್ಗೆ ಮನಸ್ಸು ಬರಾಕಿಲ್ಲ. ಮಗಳಂಗೆ ಸಾಕಿವ್ನಿ" ಅಂದರು. ಆರಿಸಲು ಹೋಗಿ ತಿರಸ್ಕೃತನಾಗಿ ಬಂದವನ ಸಂಕಟ ನಿಮಗೆ ಗೊತ್ತಿರಲಾರದು. ಬಾಳೆಹಣ್ಣನ್ನು ಮಾತ್ರ ಅವರು ಇಟ್ಟುಕೊಂಡರು. ಮನೆಗೆ ಬಂದರೆ ಅಮ್ಮ ನನ್ನ ಪಂಚೆಯ ಅಂಚಿನಲ್ಲಿ ಎರಡು ಕೂದಲು ಕಂಡುಹಿಡಿದು, ನಿಂತ ಕಾಲಲ್ಲೇ ಬಾವಿಕಟ್ಟೆಗೆ ಅಟ್ಟಿ ತಲೆಗೆ ತಣ್ಣೀರು ಸುರಿಸಿದಳು.

ಆಮೇಲೆ ನಮ್ಮ ಆಫೀಸಿನ ಗುಮಾಸ್ತರ ನೆಂಟರ ಮನೆಯ ಪೊಮರೇನಿಯನ್ ನೋಡಿದೆ. ಅದು ನೋಡಲು ಅಮ್ಮನ ಹತ್ತಿಯ ಬುಟ್ಟಿಯಂತೆ ಮುದ್ದಾಗಿತ್ತು. ಆದರೆ ಸದಾ ಯಾರದಾದರೂ ತೊಡೆಯ ಮೇಲೇ ಕೂರಬೇಕಂತೆ. ನಮ್ಮ ಮನೆಯಲ್ಲಿ ಹಾಗೆ ಬಿಡುವಾಗಿರುವ ತೊಡೆ ಎಂದರೆ ಅಮ್ಮನದೊಂದೇ. ನಾನು ಆ ದೃಶ್ಯವನ್ನು ಮನಸ್ಸಿನಲ್ಲಿ ಕಂಡು ಬೆವರಿ ಎದ್ದು ಬಂದೆ. ಹೀಗೆ ಹನ್ನೊಂದು ದಿನವೂ ಮುಗಿಯಿತು. ಸರ್ಕೀಟಿನ ದಿನ ಬೆಳಿಗ್ಗೆ ಕಮಲ ಏನೂ ಕೇಳದೆ ಬುತ್ತಿ ಕಟ್ಟಿಕೊಟ್ಟಳು. ಕೇಳಿದ್ದರೆ ವಾಸಿಯಿತ್ತು. "ಬರುವಾಗ ಮದ್ದೂರಿಂದ ಮರಿ ತಂದೇಬಿಡ್ತೀನಿ" ಎಂದು ಹಸಿ ಸುಳ್ಳು ಹೇಳಿ, ಅವಳ ಮುಖ ನೋಡದೆ ಹೊರಟುಬಿಟ್ಟೆ.

ಆ ಹತ್ತು ದಿನ ನಾನು ಪಟ್ಟ ಪಾಡು ಹೇಳತೀರದು. ಮಳವಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ಇಳಿದುಕೊಂಡಿದ್ದೆ. ಕೆಲಸ ಮುಗಿದ ಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತು, ಮಂಡ್ಯದ ಬಸ್ಸುಗಳಿಂದ ಇಳಿಯುವವರ ಮುಖ ನೋಡುತ್ತಿದ್ದೆ. ಅಮ್ಮ ಗಂಟು ಹಿಡಿದು ಇಳಿದರೆ ಕಮಲ ನಾಯಿ ತಂದಳು ಎಂದರ್ಥ. ಅಮ್ಮ ಇಳಿಯದಿದ್ದರೆ ಕಮಲ ತವರಿಗೆ ಹೋದಳು ಎಂದರ್ಥ. ಯಾರಾದರೂ ಬಿಳಿಸೀರೆಯ ಮುದುಕಿ ಇಳಿದರೆ ಎದೆ ಧಸಕ್ಕೆನ್ನುತ್ತಿತ್ತು, ಇಳಿಯದಿದ್ದರೆ ಇನ್ನೂ ಹೆಚ್ಚು ಧಸಕ್ಕೆನ್ನುತ್ತಿತ್ತು. ಹತ್ತು ದಿನವೂ ಅಮ್ಮ ಇಳಿಯಲಿಲ್ಲ. ಕಮಲನಿಲ್ಲದ ಅಡಿಗೆಮನೆಯನ್ನೂ, ಒಬ್ಬಳೇ ಕೂತ ಅಮ್ಮನನ್ನೂ ನೋಡಲು ಸಿದ್ಧನಾಗಿ, ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಂಡ್ಯದಲ್ಲಿ ಇಳಿದು ಮನೆಗೆ ಬಂದೆ.

ಗೇಟಿಗೆ ಕೈಹಾಕಿದ್ದೇ ತಡ, ಒಳಗಿನಿಂದ ಒಂದು ಕಂದುಬಣ್ಣದ ನಾಯಿ ಗುರ್ರೆಂದು ಎಗರಿ ಬಂತು. ಬೀದಿನಾಯಿ. ಒಂದು ಕಿವಿ ಹರಿದಿತ್ತು, ಬಾಲ ಅರ್ಧ ಇತ್ತು. ರಘುವಿನ ಪಟ್ಟಿಯ ಯಾವ ಕಾಲಮ್ಮಿಗೂ ಸೇರುವಂಥದಲ್ಲ. ಬಸರಾಳಿನ ಕಡೆಯಿಂದ ಬಂದು ಮನೆಮನೆಗೆ ಮೊಸರು ಹಾಕುವ ನಿಂಗಮ್ಮ ಆಗತಾನೆ ಗಡಿಗೆ ಹೊತ್ತು ನಮ್ಮ ಮನೆಯಿಂದ ಹೊರಬರುತ್ತಿದ್ದಳು. ನಾಯಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. "ವಸಿ ಇಂದಕ್ಕೆ ನಿಂತ್ಕಳಿ ಸ್ವಾಮಿ" ಅಂದಳು. "ಒಸಬರ್ನ ಒಳೀಕೆ ಬುಡಾಕಿಲ್ಲ ಅದು."

"ನಾನು ಹೊಸಬನಲ್ಲಮ್ಮ. ಈ ಮನೆ ಯಜಮಾನ."

"ಅದ್ಕೇನ್ ಗೊತ್ತು ಸ್ವಾಮಿ. ನಂಗೇ ಗೊತ್ತಿಲ್ಲ. ಎಲ್ಡು ವರ್ಸ್ದಿಂದ ಮೊಸ್ರು ಆಕ್ತಾ ಇವ್ನಿ, ಒಂದಿನಾನೂ ನಿಮ್ ಮೊಕ ಕಂಡಿಲ್ಲ" ಎಂದು ಹೇಳಿ ಅವಳು ತನ್ನ ಪಾಡಿಗೆ ಹೊರಟಳು.

ಗದ್ದಲ ಕೇಳಿ ಅಮ್ಮ, ಕಮಲ ಇಬ್ಬರೂ ಹೊರಗೆ ಬಂದರು. ಇಬ್ಬರನ್ನೂ ಒಟ್ಟಿಗೆ ನೋಡಿ ನನಗಾದ ಸಂತೋಷಕ್ಕೆ ನಾಯಿಯ ಹಲ್ಲುಗಳೂ ಕಾಣಿಸಲಿಲ್ಲ. ನಡೆದದ್ದು ಇಷ್ಟೇ. ಮಧ್ಯಾಹ್ನದ ಊಟಕ್ಕೆ ಮುಂಚೆ ಕಾಗೆಗೊಂದು ತುತ್ತು, ನಾಯಿಗೊಂದು ತುತ್ತು ಹೊರಗಿಡುವುದು ನಮ್ಮ ಮನೆಯ ಪದ್ಧತಿ. ಅಮ್ಮ ಅದನ್ನು ವರ್ಷಗಳಿಂದ ತಪ್ಪದೆ ಇಡುತ್ತಿದ್ದಳು, ಈ ನಾಯಿ ತಪ್ಪದೆ ಬಂದು ತಿನ್ನುತ್ತಿತ್ತು. ಏಕಾದಶಿಯ ದಿನ ಅದಕ್ಕೂ ಅವಲಕ್ಕಿಯೇ. ನಾನು ಹೊರಟ ದಿನ ಕಮಲ ನಿಜವಾಗಿಯೇ ಟ್ರಂಕು ತೆಗೆದಳಂತೆ. ಅಮ್ಮ ಬೀದಿಯಲ್ಲಿಡುತ್ತಿದ್ದ ತುತ್ತನ್ನು ಅವತ್ತು ಗೇಟಿನ ಒಳಗಿಟ್ಟಳಂತೆ. ಕಮಲ ಟ್ರಂಕನ್ನು ಒಳಗಿಟ್ಟಳಂತೆ. "ಅದು ಹೊಸ್ತಿಲು ದಾಟಿಲ್ಲಪ್ಪ. ನಾನೇನೂ ನಾಯಿ ಸಾಕಿಲ್ಲ" ಎಂದು ಅಮ್ಮ ನನಗೂ ಒಂದು ಮಾತು ಹೇಳಿಟ್ಟಳು. ನಾನು ತಾಲ್ಲೂಕು ತಾಲ್ಲೂಕು ಅಲೆದು ಹುಡುಕಿದ ತಳಿ, ಮೊಸರನ್ನ ತಿನ್ನುತ್ತ ನಮ್ಮ ಬಾಗಿಲಲ್ಲೇ ಇತ್ತು.

"ಪೋಸ್ಟಿನವನಿಗೆ ಬೊಗಳಲ್ಲವಂತೆ, ಮೊಸರಿನವಳಿಗೂ ಬೊಗಳಲ್ಲ. ನನಗ್ಯಾಕೆ ಹೀಗೆ?" ಎಂದು ಕೇಳಿದೆ. "ಅವರೆಲ್ಲ ದಿನಾ ಬರ್ತಾರೆ" ಅಂದಳು ಕಮಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಅಷ್ಟು ದಿನ ಕೇಳಿದ್ದು ಬರೀ ನಾಯಿಯನ್ನೇ ಎಂದು ನಾನು ತಿಳಿದುಕೊಂಡಿದ್ದೆನಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವತ್ತು ರಜೆ ಹಾಕಿ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಅಮ್ಮ ಎಲೆಯ ಮೇಲೆ ತುತ್ತು ಕಲಸಿ, ದೂರದಿಂದಲೇ ನನ್ನ ಕೈಗೆ ಬಿಟ್ಟು, "ಇವತ್ತು ನೀನೇ ಇಡು. ಗುರುತಾಗಲಿ" ಅಂದಳು. ನಾನು ಗೇಟಿನ ಬಳಿ ಬಗ್ಗಿ, ಹೆದರುತ್ತಲೇ ಎಲೆ ಇಟ್ಟು ಹಿಂದೆ ಸರಿದೆ. ನಾಯಿ ಅನ್ನ ನೋಡಿತು, ನನ್ನನ್ನು ನೋಡಿತು, ಆಮೇಲೆ ಹೊಸ್ತಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಿತು. ಅಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಆದರೆ ಆಡಿಸುವ ಮೊದಲು ಅವಳೂ ಸ್ವಲ್ಪ ಹೊತ್ತು ಯೋಚಿಸಿದಳು.